ಹೆಪ್ಪನ್ನು ಬಿಸಿಲಿಗೆ ಇಡಬೇಡಿ

ಮಂಡ್ಯ ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರಿಗೆ, ತೋಟಗಾರಿಕೆ ಉಪನಿರ್ದೇಶಕರಿಗೆ ಮತ್ತು ಜಿಲ್ಲಾ ಹಾಲು ಒಕ್ಕೂಟದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತರಕಾರಿ ಬೆಳೆಯುವವಳು. ಚಿಕ್ಕದೇವರಾಯ ಸಾಗರ ನಾಲೆಯ ಬಯಲಿನಲ್ಲಿ ನಮಗೆ ಎರಡೂಕಾಲು ಎಕರೆ ಇದೆ. ಒಂದೂವರೆ ಎಕರೆಯಲ್ಲಿ ಕಬ್ಬು, ಮಿಕ್ಕ ಮುಕ್ಕಾಲು ಎಕರೆಯಲ್ಲಿ ತರಕಾರಿ. ತರಕಾರಿಗೆ ಆರು ವರ್ಷದಿಂದ ಯೂರಿಯಾ, ಡಿಎಪಿ ಸೋಕಿಸಿಲ್ಲ. ಕಬ್ಬಿಗೆ ಇನ್ನೂ ಹಾಕುತ್ತೇವೆ, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಎರಡು ಹಸು ಇವೆ. ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕುತ್ತೇನೆ. ವಾರಕ್ಕೆ ಎರಡು ದಿನ ಮೈಸೂರಿಗೆ ತರಕಾರಿ ಒಯ್ಯುತ್ತೇನೆ. ಈ ಪತ್ರ ಜೀವಾಣುಗಳಿರುವ ಜೈವಿಕ ಗೊಬ್ಬರದ ಪಾಕೀಟುಗಳ ಬಗ್ಗೆ. ಆ ಮಾತಿಗೆ ಹಾಲಿನ ಡೈರಿ ಯಾಕೆ ಬಂತು ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ, ಹೇಳುತ್ತೇನೆ.

ಕಳೆದ ಮೇ ತಿಂಗಳ ಕೊನೆಯ ವಾರ. ಬೀನ್ಸ್ ಹಾಕಬೇಕಿತ್ತು. ಬೀಜಕ್ಕೆ ಸವರುವ ರೈಜೋಬಿಯಂ ಎಂಬ ಜೀವಾಣುವಿನ ಪಾಕೀಟು ತರಲು ಒಂದು ಅಂಗಡಿಗೆ ಹೋದೆ. ಯಾವ ಊರು, ಯಾವ ಅಂಗಡಿ ಅಂತ ಹೇಳುವುದಿಲ್ಲ. ಒಬ್ಬರನ್ನು ಬೈಯುವುದಕ್ಕೆ ಇಷ್ಟುದ್ದ ಬರೆಯಬೇಕಾಗಿರಲಿಲ್ಲ. ಮೇಲೆ ತಗಡಿನ ಶೀಟು. ಕೆಳಗೆ ಯೂರಿಯಾ ಮೂಟೆಗಳು. ಮೂಟೆಗಳ ಮೇಲೆ, ಕಿಟಕಿಯ ಪಕ್ಕದಲ್ಲಿ, ಪಾಕೀಟುಗಳ ರಟ್ಟಿನ ಡಬ್ಬ. ಒಂದನ್ನು ಕೈಗೆ ತೆಗೆದುಕೊಂಡೆ. ಆಗ ತಾನೇ ಹೆಂಚಿನಿಂದ ಇಳಿಸಿದ ರೊಟ್ಟಿ ಹಿಡಿದ ಹಾಗಿತ್ತು. ತಿರುಗಿಸಿ ತಾರೀಕು ನೋಡಿದೆ. ಅವಧಿ ಮುಗಿಯಲು ಇನ್ನೂ ಹನ್ನೆರಡು ದಿನ ಇತ್ತು. "ಡೇಟ್ ಐತಲ್ಲಮ್ಮ" ಅಂದರು ಅಂಗಡಿಯವರು. ಇತ್ತು. ನಾನೂ ಸುಮ್ನೆ ದುಡ್ಡು ಕೊಟ್ಟು ಬಂದೆ.

ಬೆಲ್ಲದ ನೀರು ಕಾಯಿಸಿ, ಪೂರ್ತಿ ಆರಿಸಿ, ಪುಡಿ ಕಲಸಿ ಬೀಜಕ್ಕೆ ಸವರಿದೆ. ನೆರಳಲ್ಲಿ ಗೋಣಿತಾಟಿನ ಮೇಲೆ ಹರವಿ ಒಣಗಿಸಿದೆ. ಅವತ್ತೇ ಬಿತ್ತಿದೆ. ನಲವತ್ತು ದಿನಕ್ಕೆ ನಾಲ್ಕು ಗಿಡ ಮಣ್ಣು ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ತೊಳೆದು ನೋಡಿದರೆ ಬೇರು ಬಾಚಿದ ಕೂದಲಿನ ಹಾಗೆ ನುಣುಪು. ಆ ಜೀವಾಣು ಬೇರಿನಲ್ಲಿ ಕಟ್ಟಬೇಕಾದ ಗಂಟು ಒಂದೂ ಇಲ್ಲ.

ಅದಕ್ಕೆ ಎರಡು ವರ್ಷ ಮೊದಲು ನನ್ನ ತಂಗಿಯ ಮಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕೃಷಿ ಮೇಳದಿಂದ ಇಂಥದೇ ಪಾಕೀಟು ತಂದುಕೊಟ್ಟಿದ್ದಳು. ಅವಳು ಕೃಷಿ ಬಿ.ಎಸ್ಸಿ. ಓದುತ್ತಿದ್ದಾಳೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ಬಾಣಂತಿಗೆ ಮಾಡುವ ಉಪಚಾರ ಅಂತ ನಾವೆಲ್ಲ ನಕ್ಕಿದ್ದೆವು. ಆ ಸಲ ಇದೇ ಹೊಲದ ಬೀನ್ಸ್ ಬೇರಿನಲ್ಲಿ ಸಾಸಿವೆ, ಜೋಳದ ಕಾಳಿನ ಗಾತ್ರದ ಗಂಟುಗಳು. "ದೊಡ್ಡಮ್ಮ, ಉಗುರಲ್ಲಿ ಸೀಳಿ ನೋಡು" ಅಂದಳು. ಸೀಳಿದೆ. ಒಳಗೆ ಎಳೆ ಗುಲಾಬಿ ಬಣ್ಣ. ನಮ್ಮ ರಕ್ತದಲ್ಲಿ ಇರುವಂಥದೇ ಒಂದು ಕೆಂಪು ವಸ್ತು ಅದರಲ್ಲೂ ಇರುತ್ತದಂತೆ. ಗುಲಾಬಿ ಇದ್ದರೆ ಗಂಟು ಕೆಲಸ ಮಾಡುತ್ತಿದೆ, ಬೂದು ಅಥವಾ ಹಸಿರು ಇದ್ದರೆ ಇಲ್ಲ.

ಒಂದು ಹೊಲ, ಎರಡು ಬೆಳೆ ನೋಡಿ ತೀರ್ಪು ಕೊಡಬಾರದು, ಗೊತ್ತು. ಬೀನ್ಸ್ ಮೊದಲೇ ಗಂಟು ಕಟ್ಟಲು ಸೋಮಾರಿ ಗಿಡ. ಅಲಸಂದೆಗಾದರೆ ನಮ್ಮ ಮಣ್ಣಿನಲ್ಲೇ ಇರುವ ಜೀವಾಣುಗಳು ಗಂಟು ಕಟ್ಟಿಬಿಡುತ್ತವೆ, ಬೀನ್ಸ್‌ಗೆ ಅದರದೇ ಜಾತಿಯ ರೈಜೋಬಿಯಂ ಬೇಕು. ಮಳೆ, ಮಣ್ಣು ಕೂಡ ಬೇರೆ ಇರಬಹುದು. ಆದರೆ ಕೈ ಸುಡುವ ಆ ಪಾಕೀಟು ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ಇದನ್ನು ಓದುವ ಪೇಟೆಯವರಿಗೂ ಅರ್ಥವಾಗಲಿ ಎಂದು ಹೇಳುತ್ತೇನೆ. ಜೈವಿಕ ಗೊಬ್ಬರ ಎಂದರೆ ಹೆಸರಲ್ಲಿ ಗೊಬ್ಬರ, ಕೆಲಸದಲ್ಲಿ ಹೆಪ್ಪು. ಯೂರಿಯಾ ಚೀಲದಲ್ಲಿ ನೂರಕ್ಕೆ 46 ಪಾಲು ಸಾರಜನಕ ಇರುತ್ತದೆ. ಅದು ಬಿಸಿಲಲ್ಲಿದ್ದರೂ ಅಷ್ಟೇ, ನೆರಳಲ್ಲಿದ್ದರೂ ಅಷ್ಟೇ. ಈ ಪಾಕೀಟಿನಲ್ಲಿ ಹಾಗೆ ಪೋಷಕಾಂಶ ಏನೂ ಇಲ್ಲ. ಇರುವುದು ಜೀವ. ಇದ್ದಿಲಿನಂಥ ಕಪ್ಪು ಪುಡಿಯಲ್ಲಿ ಕೂತ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ರೈಜೋಬಿಯಂ ದ್ವಿದಳ ಗಿಡದ ಬೇರಿನಲ್ಲಿ ಮನೆ ಮಾಡಿ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ. ಅಜೋಸ್ಪಿರಿಲಂ, ಅಜಟೋಬ್ಯಾಕ್ಟರ್ ಬೇರಿನ ಸುತ್ತ ಇದ್ದುಕೊಂಡು ಅದೇ ಕೆಲಸವನ್ನು ಸ್ವಲ್ಪ ಕಡಿಮೆ ಮಾಡುತ್ತವೆ. ಇನ್ನು ಕೆಲವು ಹುಳಿ ಬಿಟ್ಟು ಮಣ್ಣಿನಲ್ಲಿ ಗಟ್ಟಿಯಾಗಿ ಕೂತ ರಂಜಕವನ್ನು ಕರಗಿಸುತ್ತವೆ. ನಮ್ಮ ಕೆಂಪು ಮಣ್ಣಿನಲ್ಲಿ ಇವುಗಳಿಗೆ ಕೆಲಸ ಜಾಸ್ತಿ. ಯಾಕೆಂದರೆ ಹಾಕಿದ ಡಿಎಪಿಯ ರಂಜಕವನ್ನು ಇಲ್ಲಿನ ಕಬ್ಬಿಣ ಹಿಡಿದು ಕೂತುಬಿಡುತ್ತದೆ. ಮೊದಲ ವರ್ಷ ಬೆಳೆಗೆ ಸಿಗುವುದು ಬಹಳ ಸ್ವಲ್ಪ. ಮಿಕ್ಕದ್ದು ಬೀಗ ಹಾಕಿದ ಪೆಟ್ಟಿಗೆಯಲ್ಲಿರುವ ದುಡ್ಡಿನ ಹಾಗೆ.

ದ್ವಿದಳ ಗಿಡಗಳು ಬೇರುಗಂಟಿನ ಮೂಲಕ ಗಾಳಿಯಿಂದ ಸಾರಜನಕ ಪಡೆಯುತ್ತವೆ ಎಂದು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ 1880ರ ದಶಕದಲ್ಲಿ ತೋರಿಸಿಕೊಟ್ಟರು. ಬೈಯರಿಂಕ್ ಎಂಬ ಡಚ್ ವಿಜ್ಞಾನಿ 1888ರಲ್ಲಿ ಆ ಜೀವಾಣುವನ್ನು ಬೇರ್ಪಡಿಸಿದರು. ನಮ್ಮ ಅಜ್ಜಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಆದರೆ ರಾಗಿ ಹೊಲದಲ್ಲಿ ಅವರೆ, ಅಲಸಂದೆಯ ಅಕ್ಕಡಿ ಸಾಲು ಬಿಡದೆ ಇರುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ "ನೆಲಕ್ಕೆ ಒಳ್ಳೇದು" ಅಂತಿದ್ದಳು, ಅಷ್ಟೇ.

ಹೆಪ್ಪಿನ ವಿಷಯ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗಲ್ಲ. ನೀರಿಗೆ ಹಾಕಿದರೂ ಆಗಲ್ಲ. ಎಷ್ಟೇ ಒಳ್ಳೆಯ ಹಾಲಿದ್ದರೂ ಹೆಪ್ಪೇ ಸತ್ತಿದ್ದರೆ ಬೆಳಿಗ್ಗೆ ಹಾಲು ಹಾಲಾಗಿಯೇ ಇರುತ್ತದೆ, ಇಲ್ಲ ಕೆಟ್ಟು ನಾರುತ್ತದೆ. ಮಣ್ಣಿನ ಹೆಪ್ಪಿಗೂ ಈ ಮೂರು ಮಾತು ಸಾಕು. ಮೂರನ್ನೂ ನಮ್ಮ ಜಿಲ್ಲೆಯಲ್ಲಿ ದಿನಾ ಮರೆಯುತ್ತಿದ್ದೇವೆ.

ಈಗ ಡೈರಿ ಮಾತಿಗೆ ಬರುತ್ತೇನೆ.

ನಾನು ಬೆಳಿಗ್ಗೆ ಕ್ಯಾನು ಹಿಡಿದು ಡೈರಿಗೆ ಹೋದರೆ ಏನಾಗುತ್ತದೆ? ಮೊದಲು ಲ್ಯಾಕ್ಟೋಮೀಟರ್ ಬಿಟ್ಟು ಹಾಲಿನ ಗಟ್ಟಿತನದ ಡಿಗ್ರಿ ನೋಡುತ್ತಾರೆ. ಫ್ಯಾಟ್ ನೋಡುತ್ತಾರೆ. ಡಿಗ್ರಿ ಕಡಿಮೆ ಬಂದರೆ ಎಲ್ಲರ ಮುಂದೆ ಮುಖ ಸಣ್ಣದಾಗುತ್ತದೆ, ದುಡ್ಡೂ ಕಡಿಮೆ. ಹಾಲು ಹಾಕಿದ ಕೂಡಲೇ ಅದು ಕೂಲರ್‌ಗೆ ಹೋಗಿ 4 ಡಿಗ್ರಿ ಸೆಲ್ಸಿಯಸ್ ತಂಪಿಗೆ ಇಳಿಯುತ್ತದೆ. ಕೂಲರ್ ಇಲ್ಲದ ಊರಿಂದ ಗಾಡಿ ಹೊತ್ತಿಗೆ ಸರಿಯಾಗಿ ಬಂದು ಒಯ್ಯುತ್ತದೆ. ಅಲ್ಲಿಂದ ಮದ್ದೂರಿನ ಹತ್ತಿರ ಗೆಜ್ಜಲಗೆರೆಗೆ. ಹಬ್ಬ ಇರಲಿ, ಬಂದ್ ಇರಲಿ, ನಿಲ್ಲುವುದಿಲ್ಲ. ಜೀವ ಇರುವ ಪದಾರ್ಥವನ್ನು ಕೆಡದ ಹಾಗೆ ಊರಿಂದ ಊರಿಗೆ ಸಾಗಿಸುವುದು ಮಂಡ್ಯ ಜಿಲ್ಲೆಗೆ ಗೊತ್ತಿಲ್ಲದ ವಿದ್ಯೆ ಅಲ್ಲ.

ನಾವು ಕೊಡುವ ಹಾಲಿಗೆ ದಿನಕ್ಕೆ ಎರಡು ಸಲ ಡಿಗ್ರಿ ನೋಡುತ್ತೀರಿ. ನಮಗೆ ಕೊಡುವ ಪಾಕೀಟಿಗೆ ಡಿಗ್ರಿ ನೋಡುವವರು ಯಾರು?

ಕಾನೂನು ಇಲ್ಲ ಎಂದಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಒಳಗೆ 2006ರಲ್ಲಿ ಜೈವಿಕ ಗೊಬ್ಬರಗಳನ್ನೂ ತಂದರು. ಪುಡಿ ರೂಪದ ರೈಜೋಬಿಯಂ ಆದರೆ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶ ಇರಬೇಕು, ದ್ರವ ರೂಪದ್ದಾದರೆ ಒಂದು ಮಿಲಿಲೀಟರ್‌ನಲ್ಲಿ 10 ಕೋಟಿ ಎಂದು ಅದರಲ್ಲೇ ಇದೆ. ಬೇರೆ ಜೀವಾಣು ಬೆರೆತಿರಬಾರದು ಎಂದೂ ಇದೆ. ತಯಾರಿಸಿದ ತಾರೀಕು, ಮುಗಿಯುವ ತಾರೀಕು ಬರೆಯಲೇಬೇಕು. ಆದರೆ ಪಾಕೀಟು ಕಾರ್ಖಾನೆ ಬಿಟ್ಟ ದಿನದ ಐದು ಕೋಟಿ ಬೇರೆ, ಮೇ ತಿಂಗಳ ಶೀಟಿನ ಕೆಳಗೆ ಒಂದು ತಿಂಗಳು ಬೆಂದ ಮೇಲೆ ಉಳಿಯುವುದು ಬೇರೆ. ತಾರೀಕು ಬಿಸಿಲಿಗೆ ಅಳಿಸಿಹೋಗುವುದಿಲ್ಲ, ಜೀವ ಅಳಿಸಿಹೋಗುತ್ತದೆ.

ಈ ಐದು ಕೋಟಿ ಕೇಳಿ ನಾನು ಬೆರಗಾಗಿದ್ದೆ. ತಂಗಿಯ ಮಗಳು ಒಂದು ಲೆಕ್ಕ ಹಾಕಿ ನನ್ನ ಬೆರಗು ಇಳಿಸಿದಳು. ಎಕರೆಗೆ 4 ಕೆ.ಜಿ. ಹಾಕಿದೆ ಅಂದುಕೊಳ್ಳಿ. ಎಲ್ಲ ಜೀವಂತ ಇದ್ದರೆ 20,000 ಕೋಟಿ ಆಯಿತು. ಒಂದು ಎಕರೆಯಲ್ಲಿ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆ.ಜಿ. ತೂಗುತ್ತದೆ. ಸಮನಾಗಿ ಎರಚಿದರೆ ಒಂದು ಗ್ರಾಂ ಮಣ್ಣಿಗೆ ಬರುವುದು ಬರೀ 220 ಚಿಲ್ಲರೆ. ಅದೇ ಒಂದು ಗ್ರಾಂ ಮಣ್ಣಿನಲ್ಲಿ ಮೊದಲಿನಿಂದ ಇರುವ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ. ಜಾತ್ರೆಯೊಳಗೆ ನಾಲ್ಕು ಜನ ನೆಂಟರನ್ನು ಬಿಟ್ಟ ಹಾಗೆ. ಅದಕ್ಕೇ ಇದನ್ನು ಯೂರಿಯಾ ಥರ ಎರಚಬಾರದು. ಬೀಜಕ್ಕೆ ಸವರಬೇಕು. ಟೊಮೆಟೊ, ಬದನೆ ಪೈರಾದರೆ ಕಲಸಿದ ನೀರಿನಲ್ಲಿ ಬೇರನ್ನು ಇಪ್ಪತ್ತು ಮೂವತ್ತು ನಿಮಿಷ ಅದ್ದಿ ನೆಡಬೇಕು. ಹೊಲಕ್ಕೇ ಹಾಕುವುದಾದರೆ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿಟ್ಟು, ಸಾಲಿನಲ್ಲಿ ಬೇರು ಬೀಳುವ ಜಾಗಕ್ಕೆ ಕೊಡಬೇಕು. ಹೀಗೆ ಮಾಡಿದರೂ ಆ ನಾಲ್ಕು ಜನ ನೆಂಟರು ಬದುಕಿದ್ದರೆ ತಾನೇ ಪ್ರಯೋಜನ?

ಮಾಹಿತಿಯ ಗೋಜಲು ಇನ್ನೊಂದು. ನಮ್ಮ ಪಕ್ಕದ ಹೊಲದ ಅಣ್ಣನೊಬ್ಬರು ನನ್ನನ್ನು ನೋಡಿ ಟೊಮೆಟೊಗೆ ಒಂದು ಪಾಕೀಟು ಹಾಕಿದರು. ಎರಡು ತಿಂಗಳಿಗೆ ಒಂದು ಗಿಡ ಕಿತ್ತು ಹಿಡಿದುಕೊಂಡು ಓಡಿಬಂದರು. "ನೋಡವ್ವ, ನಿನ್ನ ಪಾಕೀಟು ಕೆಲಸ ಮಾಡೈತೆ! ಬೇರು ತುಂಬ ಗಂಟು!" ಅವರ ಮುಖದ ಖುಷಿ ನೋಡಿ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಟೊಮೆಟೊ ಬೇರಿಗೆ ರೈಜೋಬಿಯಂ ಗಂಟು ಬರುವುದೇ ಇಲ್ಲ. ಅದು ಜಂತುಹುಳುವಿನ ಬೇರುಗಂಟು ರೋಗ. ಬೀನ್ಸ್ ಬೇರಿನ ಒಳ್ಳೆಯ ಗಂಟು ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಲ್ಲಿ ಮೀಟಿದರೆ ಕಳಚಿ ಬರುತ್ತದೆ. ಜಂತುಹುಳುವಿನ ಗಂಟು ಅಂದರೆ ಬೇರೇ ಊದಿಕೊಂಡಿರುತ್ತದೆ, ಕೀಳಲು ಹೋದರೆ ಬೇರು ಹರಿಯುತ್ತದೆ. ಇಷ್ಟು ಸಣ್ಣ ವಿಷಯವನ್ನು ಒಂದು ಚಿತ್ರ ಹಾಕಿ ಪಾಕೀಟಿನ ಹಿಂದೆ ಅಚ್ಚು ಮಾಡಲು ಎಷ್ಟು ಖರ್ಚಾದೀತು?

ಮೈಕೊರೈಜಾ ಕಥೆಯೂ ಹೀಗೇ. ಇದು ಬ್ಯಾಕ್ಟೀರಿಯಾ ಅಲ್ಲ, ಬೂಸ್ಟು. ಬೇರಿನೊಳಗೆ ಸೇರಿಕೊಂಡು ಕೂದಲಿಗಿಂತ ಸಣ್ಣ ಎಳೆಗಳನ್ನು ಬೇರು ಮುಟ್ಟದ ಜಾಗಕ್ಕೆಲ್ಲ ಚಾಚಿ ರಂಜಕ, ಸತು, ತಾಮ್ರ ಹೀರಿ ತಂದು ಕೊಡುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಅವರು ದಶಕಗಟ್ಟಲೆ ಇದರ ಮೇಲೆ ಕೆಲಸ ಮಾಡಿದವರು, ಪ್ರಪಂಚಕ್ಕೆ ಗೊತ್ತಿರುವ ಹೆಸರು. ನೂರು ಮೈಲಿ ಕೂಡ ಇಲ್ಲ ನಮಗೂ ಆ ವಿದ್ಯೆಗೂ. ಆದರೂ ನಮ್ಮ ಕಡೆ ಎಲೆಕೋಸು, ಹೂಕೋಸು, ಮೂಲಂಗಿಗೆ ಮೈಕೊರೈಜಾ ಮಾರುವವರನ್ನು ನೋಡಿದ್ದೇನೆ. ಕೋಸಿನ ಜಾತಿಗೆ ಅದು ಹಿಡಿಯುವುದಿಲ್ಲ. ಬೀಟ್‌ರೂಟ್, ಪಾಲಕ್‌ಗೂ ಅಷ್ಟೇ. ದುಡ್ಡು ದಂಡ. ಅದೇ ಈರುಳ್ಳಿ, ಮೆಣಸಿನಕಾಯಿ, ಟೊಮೆಟೊ, ಬದನೆಗೆ ಹಾಕಿದರೆ ಕೈ ಹಿಡಿಯುತ್ತದೆ. ಅದರಲ್ಲೂ ಭತ್ತ ಕೊಯ್ದ ಗದ್ದೆಯಲ್ಲಿ ತರಕಾರಿ ಮಾಡುವ ನಮ್ಮಂಥವರಿಗೆ ಇದು ಬೇಕು. ತಿಂಗಳುಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಈ ಬೂಸ್ಟು ಕಡಿಮೆಯಾಗಿರುತ್ತದೆ. ನಾಲೆ ಬಯಲಿಗೆ ಬೇರೆ ಸಲಹೆ, ನಾಗಮಂಗಲದ ಬೆದ್ದಲಿಗೆ ಬೇರೆ ಸಲಹೆ ಇರಬೇಕಲ್ವಾ? ನಾನು ಕಂಡ ಹಾಗೆ ಎಲ್ಲರಿಗೂ ಒಂದೇ ಕರಪತ್ರ.

ಇನ್ನು ಶಿಲೀಂಧ್ರನಾಶಕ. ಬೀಜಕ್ಕೆ ಬಣ್ಣದ ಔಷಧಿ ಹಚ್ಚಿಕೊಂಡೇ ಪೊಟ್ಟಣ ಬರುತ್ತದೆ. ಅದರ ಮೇಲೆ ಜೀವಾಣು ಸವರಿದರೆ ಎಷ್ಟು ಉಳಿಯುತ್ತದೆ? ಮೈಲುತುತ್ತದ ದ್ರಾವಣ ಸುರಿದ ಪಾತಿಗೆ ಮಾರನೇ ದಿನ ಜೈವಿಕ ಗೊಬ್ಬರ ಕೊಟ್ಟವರೂ ಇದ್ದಾರೆ. ಅವರ ತಪ್ಪಲ್ಲ, ಎರಡನ್ನೂ ಒಂದೇ ದಿನ ಒಂದೇ ಚೀಲದಲ್ಲಿ ಕೊಟ್ಟಿದ್ದರು.

ಜೀವಾಮೃತ ಇರುವಾಗ ಪಾಕೀಟು ಯಾಕೆ ಅನ್ನುವವರಿದ್ದಾರೆ. ನಾನೂ ಮಾಡುತ್ತೇನೆ. 200 ಲೀಟರ್ ಡ್ರಮ್ಮಿಗೆ ಹತ್ತು ಕೆ.ಜಿ. ಸಗಣಿ, ಗಂಜಲ, ಎರಡೆರಡು ಕೆ.ಜಿ. ಬೆಲ್ಲ, ದ್ವಿದಳ ಹಿಟ್ಟು. ನೆಲ ಮೆತ್ತಗಾಗುತ್ತದೆ, ಎರೆಹುಳು ಬರುತ್ತದೆ. ಆದರೆ ಬೀನ್ಸ್‌ಗೆ ಬೇಕಾದ ಅದೇ ಜಾತಿ ಅದರಲ್ಲಿ ಇದೆಯೋ ಇಲ್ಲವೋ ನನಗೆ ಹೇಳಲು ಬಾರದು. ಎರಡಕ್ಕೂ ಜಗಳ ಹಚ್ಚುವುದು ಬೇಡ.

ಮೈಸೂರಿನ ಗಿರಾಕಿಗಳು ನನ್ನನ್ನು ಕೇಳುವ ಪ್ರಶ್ನೆ ಬೇರೆ. "ಸಾವಯವ ಅಂತೀರಲ್ಲ, ಇದರಲ್ಲಿ ಸತ್ವ ಜಾಸ್ತಿ ಇರುತ್ತಾ?" ಎರಡು ಪಟ್ಟು ವಿಟಮಿನ್ ಎಂದು ಬೋರ್ಡು ಬರೆದರೆ ವ್ಯಾಪಾರ ಚೆನ್ನಾಗಿ ಆಗುತ್ತದೆ. ನಾನು ಬರೆದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2012ರಲ್ಲಿ ನೂರಾರು ಅಧ್ಯಯನ ಒಟ್ಟಿಗೆ ನೋಡಿ, ಸಾವಯವ ಆಹಾರದಲ್ಲಿ ಪೋಷಕಾಂಶ ಜಾಸ್ತಿ ಎನ್ನಲು ಗಟ್ಟಿ ಆಧಾರ ಇಲ್ಲ, ಕೀಟನಾಶಕದ ಉಳಿಕೆ ಮಾತ್ರ ಕಡಿಮೆ ಎಂದರು. 2014ರಲ್ಲಿ ಯುರೋಪಿನ ಇನ್ನೊಂದು ತಂಡ ಹೀಗೇ ಲೆಕ್ಕ ಹಾಕಿ, ಆಂಟಿಆಕ್ಸಿಡೆಂಟ್ ಜಾಸ್ತಿ, ಕ್ಯಾಡ್ಮಿಯಂ ಎಂಬ ವಿಷದ ಲೋಹ ಕಡಿಮೆ ಎಂದಿತು. ದೊಡ್ಡವರೇ ಒಪ್ಪಿಲ್ಲದ ಮಾತನ್ನು ನಾನು ಬುಟ್ಟಿಯ ಮೇಲೆ ಅಂಟಿಸಲಾ?

ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳಬಹುದು. ಮಣ್ಣಿನಲ್ಲಿ ಇಲ್ಲದ್ದು ಸೊಪ್ಪಿಗೆ ಬರುವುದಿಲ್ಲ. ನನ್ನ ಮಣ್ಣು ಆರೋಗ್ಯ ಚೀಟಿಯಲ್ಲಿ ಸತು ಕಡಿಮೆ ಎಂದು ಬಂದಿತ್ತು. ಸತು ಕರಗಿಸುವ ಬ್ಯಾಕ್ಟೀರಿಯಾ ಇವೆ, ತಂದುಕೊಡುವ ಮೈಕೊರೈಜಾ ಇದೆ. ಇದ್ದ ಸತುವನ್ನು ಅವು ಗಿಡದ ಬಾಯಿಗೆ ಮುಟ್ಟಿಸುತ್ತವೆ. ಇಲ್ಲದ ಸತುವನ್ನು ಹುಟ್ಟಿಸುವುದಿಲ್ಲ. ಜೀವಾಣುಗಳು ಗಾಳಿಯಿಂದ ಹಿಡಿದು ಕೊಡುವುದು ಸಾರಜನಕ ಒಂದೇ. ಮಿಕ್ಕದ್ದಕ್ಕೆ ಕೊಟ್ಟಿಗೆ ಗೊಬ್ಬರ ಬೇಕು, ಕೆಲವೊಮ್ಮೆ ಸತುವಿನ ಸಲ್ಫೇಟೂ ಬೇಕು. ಪಾಕೀಟು ಒಂದಿದ್ದರೆ ಸಾಕು ಎಂದು ಹೇಳುವವರನ್ನು ನಾನು ನಂಬುವುದಿಲ್ಲ.

ಮಣ್ಣು ಆರೋಗ್ಯ ಚೀಟಿ ಯೋಜನೆ 2015ರಲ್ಲಿ ಶುರುವಾಯಿತು. ಅದರಲ್ಲಿ ಹನ್ನೆರಡು ಬಾಬತ್ತು ಇವೆ. ಸಾವಯವ ಇಂಗಾಲವೂ ಒಂದು. ಅರ್ಧ ಪರ್ಸೆಂಟಿಗಿಂತ ಕಡಿಮೆ ಇದ್ದರೆ "ಕಡಿಮೆ" ಎಂದು ಬರೆಯುತ್ತಾರೆ. ನಮ್ಮ ಕಬ್ಬಿನ ತಾಕಿನಲ್ಲಿ 0.41 ಬಂತು, ತರಕಾರಿ ತಾಕಿನಲ್ಲಿ 0.68. ಪಕ್ಕಪಕ್ಕದ ನೆಲ, ನಡುವೆ ಒಂದು ಬದು ಅಷ್ಟೇ. ಈ ಇಂಗಾಲವೇ ನಾನು ಹೇಳಿದ ಹಾಲು. ಇದಿಲ್ಲದ ಮಣ್ಣಿಗೆ ಪಾಕೀಟು ಹಾಕುವುದು ನೀರಿಗೆ ಹೆಪ್ಪು ಹಾಕಿದ ಹಾಗೆ. ಮತ್ತೆ ನಮ್ಮ ಜಿಲ್ಲೆಯಲ್ಲಿ ಇಂಗಾಲಕ್ಕೆ ಬರವೇ? ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುತ್ತೇವೆ. ರಾತ್ರಿ ನಾಲೆ ಏರಿಯ ಮೇಲೆ ನಿಂತು ನೋಡಿದರೆ ಅಲ್ಲೊಂದು ಇಲ್ಲೊಂದು ಉರಿ. ಸಕ್ಕರೆ ಕಾರ್ಖಾನೆಯ ಮಡ್ಡಿ ಇದೆ. ಪ್ರತಿ ಮನೆಯ ಹಿಂದೆ ತಿಪ್ಪೆ ಇದೆ, ಅರ್ಧ ಬಿಸಿಲಿಗೆ ಒಣಗುತ್ತಿದೆ, ಅರ್ಧ ಮಳೆಗೆ ತೊಳೆದುಹೋಗುತ್ತಿದೆ. ನಮ್ಮ ಮನೆಯದೂ ಮೊನ್ನೆ ಮೊನ್ನೆಯವರೆಗೆ ಹಾಗೇ ಇತ್ತು.

ಕರ್ನಾಟಕ ಸರ್ಕಾರ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ನೀತಿಗೆ ಇಪ್ಪತ್ತು ವರ್ಷ ದಾಟಿತು. ನಾನು ಕೇಳುತ್ತಿರುವುದು ಹೊಸ ನೀತಿ ಅಲ್ಲ, ಹೊಸ ಕಟ್ಟಡವೂ ಅಲ್ಲ.

ಪಾಕೀಟುಗಳು ಅಂಗಡಿಯಲ್ಲಿ ಕೂತು ಕಾಯುವುದನ್ನು ಬಿಟ್ಟು, ಹಾಲಿನ ದಾರಿಯಲ್ಲೇ ಊರಿಗೆ ಬರಲಿ. ಡೈರಿಯಲ್ಲಿ ಈಗಲೇ ಹಿಂಡಿ ಸಿಗುತ್ತದೆ, ಲವಣ ಮಿಶ್ರಣ ಸಿಗುತ್ತದೆ, ಮೇವಿನ ಬೀಜವೂ ಸಿಗುತ್ತದೆ. ದುಡ್ಡು ಹಾಲಿನ ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತಾರೆ. ನಾಲೆಗೆ ನೀರು ಬಿಡುವ ತಿಂಗಳ ಮುಂಚೆ, ಯಾರಿಗೆ ಯಾವ ಬೆಳೆಗೆ ಎಷ್ಟು ಬೇಕು ಎಂದು ಕಾರ್ಯದರ್ಶಿ ಬರೆದುಕೊಳ್ಳಲಿ. ಬರೆಸಿದಷ್ಟೇ ತಯಾರಾಗಲಿ. ಬಂದ ದಿನ, ಹಾಲು ಹಾಕುವ ಹೊತ್ತಿಗೆ, ತಂಪು ಹೊತ್ತಿನಲ್ಲಿ ಕೈಗೆ ಕೊಟ್ಟುಬಿಡಿ. ಎರಡು ದಿನ ಇಟ್ಟುಕೊಳ್ಳಬೇಕಾದರೆ ಕೂಲರ್ ಕೋಣೆಯ ನೆರಳಿನ ಮೂಲೆ ಸಾಕು. ಹಾಲಿನ ಹತ್ತಿರ ಗೊಬ್ಬರವೇ ಎಂದು ನೀವು ಮೂಗು ಮುರಿಯಬಹುದು. ಹಾಲಿನ ತೊಟ್ಟಿಯೊಳಗೆ ಇಡಿ ಅಂತಿಲ್ಲ. ಮುಚ್ಚಿದ ಒಂದು ಪೆಟ್ಟಿಗೆ ಬೇರೆ ಇರಲಿ.

ಬಟವಾಡೆ ಪುಸ್ತಕ ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರಲ್ಲಿದೆ ಎನ್ನುವುದನ್ನೂ ನೆನಪಿಡಿ. ಗೊಬ್ಬರದ ಅಂಗಡಿಗೆ ಹೋಗುವವರು ಹೆಚ್ಚಾಗಿ ಗಂಡಸರು. ಬೀಜ ಸವರುವವರು, ಪೈರು ನೆಡುವವರು ನಾವು. ಪಾಕೀಟು ನಮ್ಮ ಕೈಗೆ ಬಂದರೆ ಅಟ್ಟದ ಮೇಲೆ ಬಿಸಿಲಿಗೆ ಕೂರುವುದಿಲ್ಲ, ನೀರಿನ ಗುಡಾಣದ ಪಕ್ಕ ಕೂರುತ್ತದೆ.

ಎರಡನೆಯದು ಡಿಗ್ರಿ. ಪರೀಕ್ಷೆಗೆ ಮಾದರಿ ತೆಗೆಯುವುದಾದರೆ ಕಾರ್ಖಾನೆಯ ಬಾಗಿಲಿನಲ್ಲಿ ತೆಗೆಯಬೇಡಿ. ಮೇ ತಿಂಗಳಲ್ಲಿ, ರೈತರು ಕೊಳ್ಳುವ ಜಾಗದಲ್ಲಿ, ಹೇಳದೆ ಕೇಳದೆ ಹೋಗಿ ಎತ್ತಿಕೊಳ್ಳಿ. ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂ ನಮ್ಮ ಜಿಲ್ಲೆಯಲ್ಲೇ ಇದೆ. ತಟ್ಟೆಯಲ್ಲಿ ಬೆಳೆಸಿ ಎಣಿಸುವುದಕ್ಕೆ ಕೆಲವೇ ದಿನ ಸಾಕು. ಫಲಿತಾಂಶವನ್ನು ಫೈಲಿನಲ್ಲಿ ಇಡದೆ ಡೈರಿ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಿಸಿ. ನನ್ನ ಹಾಲಿನ ಡಿಗ್ರಿ ಊರಿಗೆಲ್ಲ ಗೊತ್ತಾಗುವುದಾದರೆ ಪಾಕೀಟಿನದೂ ಗೊತ್ತಾಗಲಿ.

ತಂಪು ಬೇಡದ ದಾರಿಗಳೂ ಇವೆ ಎಂದು ತಂಗಿಯ ಮಗಳು ಹೇಳುತ್ತಾಳೆ. ಕೇರಳದ ಕೋಝಿಕೋಡಿನ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಜೀವಾಣುಗಳನ್ನು ಔಷಧಿಯ ಕ್ಯಾಪ್ಸೂಲಿನೊಳಗೆ ತುಂಬಿದ್ದಾರೆ. ಸಾಮಾನ್ಯ ಕೋಣೆಯ ಶಾಖದಲ್ಲಿ ಇಡಬಹುದಂತೆ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರು ತರಕಾರಿಗೆಂದೇ ಮೂರ್ನಾಲ್ಕು ಬಗೆಯ ಜೀವಾಣು ಒಟ್ಟಿಗೆ ಸೇರಿಸಿ ಅರ್ಕ ಮೈಕ್ರೋಬಿಯಲ್ ಕನ್ಸಾರ್ಷಿಯಂ ಮಾಡಿದ್ದಾರೆ. ಬೇರೆ ಬೇರೆ ಪಾಕೀಟು ಕಲಸುವ ಗೋಳು ತಪ್ಪುತ್ತದೆ. ಇವನ್ನು ನಮ್ಮ ನಾಲೆ ಬಯಲಿನಲ್ಲಿ, ನಮ್ಮ ಹೊಲದಲ್ಲೇ ಹಾಕಿ ನೋಡಿ ಹೇಳುವವರು ಬೇಕು. ಸಭಾಂಗಣದಲ್ಲಿ ಶಾಮಿಯಾನ ಹಾಕಿ, ಉಪ್ಪಿಟ್ಟು ಕೊಟ್ಟು ಹೇಳುವ ತರಬೇತಿ ನನಗೆ ಸಾಕಾಗಿದೆ. ಉಪ್ಪಿಟ್ಟು ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ.

ನಾಲೆಯಲ್ಲಿ ಹೊಸ ಕಟ್ಟು ನೀರು ಬಂದ ಮೇಲೆ ನಾನು ಮತ್ತೆ ಬೀನ್ಸ್ ಹಾಕುತ್ತೇನೆ. ಈ ಸಲ ಆರು ಸಾಲು. ಎರಡು ಸಾಲಿಗೆ ಏನೂ ಸವರುವುದಿಲ್ಲ. ಎರಡು ಸಾಲಿಗೆ ಒದ್ದೆ ಬಟ್ಟೆಯಲ್ಲಿ ತಂದ ಪಾಕೀಟು. ಇನ್ನೆರಡು ಸಾಲಿಗೆ ಅಂಗಡಿಯ ಶೀಟಿನ ಕೆಳಗಿಂದ ತಂದದ್ದು. ಸಾಲಿನ ತುದಿಗೆ ಗೂಟ ನೆಟ್ಟು ಮೂರು ಬಣ್ಣದ ಬಟ್ಟೆ ಕಟ್ಟುತ್ತೇನೆ. ಬಿತ್ತಿದ ದಿನ ನಿಮಗೆ ಒಂದು ಕಾರ್ಡು ಹಾಕುತ್ತೇನೆ. ನಲವತ್ತನೇ ದಿನ ಬೆಳಿಗ್ಗೆ, ಡೈರಿಗೆ ಹಾಲು ಹಾಕಿ ನಾನು ವಾಪಸ್ ಬರುವ ಹೊತ್ತಿಗೆ ಬನ್ನಿ. ಯಾವ ಸಾಲಿನ ಗಿಡ ಕೀಳಬೇಕು ಎಂದು ನೀವೇ ತೋರಿಸಿ. ಬಕೆಟ್, ನೀರು ನಾನು ಇಟ್ಟಿರುತ್ತೇನೆ.

ಇಂತಿ,
ಒಬ್ಬ ತರಕಾರಿ ಬೆಳೆಗಾರ್ತಿ
ಶ್ರೀರಂಗಪಟ್ಟಣ ತಾಲ್ಲೂಕು